ದರಗು ತೆಗೆದು ಗೊಬ್ಬರ ಕೊಟ್ಟು: ಬರ್ಲಿನ್ ಬೀದಿಯ ಚೆಸ್ಟ್‌ನಟ್ ಮರವೊಂದರ ದುರಸ್ತಿ

ಜುಲೈ: ಮೊದಲು ರೋಗ ಯಾವುದೆಂದು ತಿಳಿಯಬೇಕು

ಮೇ ತಿಂಗಳಲ್ಲಿ ಬಿಳಿ ಹೂಗೊಂಚಲು ಹೊತ್ತಿದ್ದ ಮರ ಜುಲೈ ಮುಗಿಯುವ ಹೊತ್ತಿಗೆ ಕಂದು ಹಿಡಿದಿತ್ತು. ಬರ್ಲಿನ್ನಿನ ನೊಯ್‌ಕೋಲ್ನ್ ಬಡಾವಣೆಯಲ್ಲಿ ನಮ್ಮ ಬೀದಿ ತಿರುಗುವ ಜಾಗದಲ್ಲಿರುವ ಕುದುರೆ ಚೆಸ್ಟ್‌ನಟ್ ಅದು, ವಯಸ್ಸು ನೂರರ ಆಸುಪಾಸು. ಬೀದಿಯವರೆಲ್ಲ ನೀರಿನ ಕೊರತೆ ಎಂದೇ ತೀರ್ಮಾನಿಸಿದ್ದರು. 2018ರಿಂದ ಸಾಲು ಸಾಲಾಗಿ ಒಣ ಬೇಸಗೆಗಳನ್ನು ಕಂಡ ಊರಿನಲ್ಲಿ ಹಾಗೆ ಅನ್ನಿಸುವುದು ಸಹಜ. ಆದರೆ ಅದೇ ಸಾಲಿನ ಲಿಂಡನ್ ಮರಗಳು ಹಸಿರಾಗಿಯೇ ಇದ್ದವು.

ಇದು ಚಳಿಗಾಲದ ಸಂತೆಯಲ್ಲಿ ಹುರಿದು ಮಾರುವ ಚೆಸ್ಟ್‌ನಟ್ ಅಲ್ಲ. ಅದರ ಕುಟುಂಬವೇ ಬೇರೆ. ಕುದುರೆ ಚೆಸ್ಟ್‌ನಟ್ಟಿನ ಬೀಜ ವಿಷ, ತಿನ್ನುವಂತಿಲ್ಲ. ಅದು ನಮ್ಮ ಅಂಟುವಾಳದ ಕುಟುಂಬಕ್ಕೆ ಸೇರಿದ ಮರ. ಬೀಜ ಹೆಚ್ಚಿ ಬಿಸಿನೀರಿನಲ್ಲಿ ನೆನೆಸಿ ಕಲಕಿದರೆ ಅಂಟುವಾಳದಂತೆಯೇ ನೊರೆ ಬರುತ್ತದೆ. ನಾನು ಊರಿನಿಂದ ತಂದ ರೇಷ್ಮೆ ಸೀರೆಗಳನ್ನು ಅದರಲ್ಲೇ ಒಗೆಯುತ್ತೇನೆ, ಬಣ್ಣಕ್ಕೆ ಏನೂ ಆಗಿಲ್ಲ.

ಕೆಳಗಿನ ಕೊಂಬೆಯಿಂದ ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡುವುದು ಮೊದಲ ಪರೀಕ್ಷೆ. ಬಾಯಾರಿದ ಮರದ ಎಲೆ ಅಂಚಿನಿಂದ ಒಳಮುಖವಾಗಿ ಒಣಗುತ್ತದೆ. ಶಿಲೀಂಧ್ರದಿಂದ ಬರುವ ಎಲೆಚುಕ್ಕೆಯಾದರೆ ಕಂದು ಮಚ್ಚೆಗಳ ಸುತ್ತ ಹಳದಿ ಗೆರೆ ಇರುತ್ತದೆ. ನನ್ನ ಕೈಯಲ್ಲಿದ್ದ ಎಲೆಯಲ್ಲಿ ಎರಡೂ ಇರಲಿಲ್ಲ. ನರಗಳ ನಡುವೆ ಉದ್ದುದ್ದದ ಕಂದು ಪಟ್ಟೆಗಳಿದ್ದವು, ಬೆಳಕು ಅವುಗಳ ಮೂಲಕ ಹಾದು ಬರುತ್ತಿತ್ತು. ಉಗುರಿನಿಂದ ಮೇಲಿನ ತೆಳುಸಿಪ್ಪೆ ಎಬ್ಬಿಸಿದರೆ ಒಳಗೆ ಕೆಲವೇ ಮಿಲಿಮೀಟರಿನ ಚಪ್ಪಟೆ ಹುಳು, ಪಕ್ಕದಲ್ಲಿ ಅದರ ಹಿಕ್ಕೆ.

ಫೋನಿನಲ್ಲಿ ತೋರಿಸಿದಾಗ ತೀರ್ಥಹಳ್ಳಿಯಿಂದ ಅಪ್ಪಯ್ಯ, “ಟೊಮೆಟೊಗೆ ಬರುವ ರಂಗೋಲಿ ಹುಳುವೇ ಅಲ್ಲವೇ ಇದು?” ಎಂದರು. ಕಸುಬು ಅದೇ, ಕುಲ ಬೇರೆ. ಟೊಮೆಟೊ ಎಲೆಯಲ್ಲಿ ಗೆರೆ ಕೊರೆಯುವುದು ನೊಣದ ಮರಿ. ಇಲ್ಲಿರುವುದು ಸುಮಾರು 5 ಮಿಲಿಮೀಟರ್ ಉದ್ದದ, ತಾಮ್ರದ ಬಣ್ಣದ ರೆಕ್ಕೆಗೆ ಬಿಳಿ ಪಟ್ಟೆ ಇರುವ ಪತಂಗದ ಮರಿ. ಮ್ಯಾಸಿಡೋನಿಯಾದ ಓಹ್ರಿಡ್ ಸರೋವರದ ಬಳಿ 1984ರಲ್ಲಿ ಇದನ್ನು ಗುರುತಿಸಿ, 1986ರಲ್ಲಿ ಹೊಸ ಜಾತಿಯೆಂದು ಹೆಸರಿಟ್ಟರು. 1989ಕ್ಕೆ ಆಸ್ಟ್ರಿಯಾದಲ್ಲಿತ್ತು, 2002ಕ್ಕೆ ಲಂಡನ್ನಿನ ವಿಂಬಲ್ಡನ್ ತಲುಪಿತ್ತು. ಅದು ಎಲ್ಲಿಂದ ಬಂತೆಂಬ ಚರ್ಚೆಯನ್ನು ಹಳೆಯ ಒಣಎಲೆ ಸಂಗ್ರಹಗಳೇ ಬಗೆಹರಿಸಿದವು: 1879ರಲ್ಲಿ ಗ್ರೀಸ್‌ನಲ್ಲಿ ಸಂಗ್ರಹಿಸಿ ಒತ್ತಿಟ್ಟಿದ್ದ ಚೆಸ್ಟ್‌ನಟ್ ಎಲೆಗಳೊಳಗೆ ಇದೇ ಹುಳು ಸಿಕ್ಕಿತು. ಮರದ ತವರೂ ಬಾಲ್ಕನ್ ಬೆಟ್ಟಗಳೇ. ಮನುಷ್ಯರು ಹದಿನಾರನೆಯ ಶತಮಾನದಲ್ಲಿ ಮರವನ್ನು ವಿಯೆನ್ನಾಕ್ಕೆ ತಂದು ಯುರೋಪಿನ ಬೀದಿಗಳಲ್ಲೆಲ್ಲ ನೆಟ್ಟರು. ಹುಳು ನಾಲ್ಕು ಶತಮಾನ ತಡವಾಗಿ ಹಿಂದೆಯೇ ಬಂತು, ಅಷ್ಟೆ.

ಕಾಂಡವನ್ನೂ ಸುತ್ತು ಹಾಕಿ ನೋಡಿದೆ. ತೊಗಟೆಯಿಂದ ತುಕ್ಕಿನ ಬಣ್ಣದ ಅಂಟು ಸೋರುತ್ತಿದ್ದರೆ ಕಥೆಯೇ ಬೇರೆ. ನಮ್ಮ ತೆಂಗಿಗೆ ಬರುವ ಕಾಂಡ ಸೋರುವ ರೋಗದಂತೆಯೇ ಕಾಣುವ ಅದು ಇಲ್ಲಿ ಬ್ಯಾಕ್ಟೀರಿಯಾದಿಂದ ಬರುತ್ತದೆ. ಆ ಬ್ಯಾಕ್ಟೀರಿಯಾವನ್ನು ಮೊದಲು ಬೇರ್ಪಡಿಸಿದ್ದು ಭಾರತದಲ್ಲಿ, ಹಿಮಾಲಯದ ಕುದುರೆ ಚೆಸ್ಟ್‌ನಟ್ಟಿನ ಎಲೆಯಿಂದ. ಅಲ್ಲಿ ಎಲೆಗೆ ಚುಕ್ಕೆ ಹಾಕಿ ಸುಮ್ಮನಿದ್ದದ್ದು ಯುರೋಪಿನಲ್ಲಿ ತೊಗಟೆಯನ್ನೇ ಹಿಡಿದು ಮರ ಕೊಲ್ಲುತ್ತದೆ. ನಮ್ಮ ಮರದ ತೊಗಟೆ ಒಣಗಿತ್ತು, ಬುಡದಲ್ಲಿ ಅಣಬೆಯ ಗುರುತೂ ಇರಲಿಲ್ಲ. ಅಂದರೆ ದುರಸ್ತಿಗೆ ಅವಕಾಶವಿತ್ತು. ಕಾಂಡದೊಳಗೆ ಕೊಳೆತಿದ್ದರೆ ನನ್ನಂಥವರು ಮಾಡುವಂಥದ್ದು ಏನೂ ಇಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆನ್ ಫ್ರಾಂಕ್ ಎಂಬ ಯಹೂದಿ ಹುಡುಗಿ ನಾಜಿಗಳಿಂದ ಅಡಗಿದ್ದ ಮನೆಯ ಹಿಂಬದಿಯ ಚೆಸ್ಟ್‌ನಟ್ ಮರಕ್ಕೆ 2008ರಲ್ಲಿ ಉಕ್ಕಿನ ಆಸರೆ ಕಟ್ಟಿದರು. ಶಿಲೀಂಧ್ರ ತಿಂದಿದ್ದ ಕಾಂಡ 2010ರ ಆಗಸ್ಟ್ 23ರ ಗಾಳಿಗೆ ಆಸರೆ ಸಮೇತ ಉರುಳಿತು.

ಮಾಡದೆ ಬಿಟ್ಟದ್ದು

ಸಲಹೆಗಳಿಗೆ ಬರವಿರಲಿಲ್ಲ. ಅಪ್ಪಯ್ಯನದು ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಹೊಡೆದು ಹೊಡೆದು ಕೈ ನೀಲಿಯಾದವರು ಬೇರೇನು ಹೇಳಿಯಾರು? ಆದರೆ ತುತ್ತ ಮತ್ತು ಸುಣ್ಣ ಶಿಲೀಂಧ್ರಕ್ಕೆ ಮದ್ದು, ಎಲೆಯ ಎರಡು ಪದರಗಳ ನಡುವೆ ಬೆಚ್ಚಗಿರುವ ಹುಳುವಿಗಲ್ಲ. ಬೆಂಗಳೂರಿನ ಗೆಳತಿಯದು ಬೇವು. ಬೇವಿನ ಸಾರವನ್ನು ಕಾಂಡಕ್ಕೆ ಚುಚ್ಚುವ ಪ್ರಯೋಗಗಳು ಯುರೋಪಿನಲ್ಲಿ ನಡೆದಿವೆ. ಆದರೆ ಅದಕ್ಕೆ ಕಾಂಡವನ್ನು ಕೊರೆಯಬೇಕು, ಕೊರೆದ ಗಾಯ ಕೊಳೆಗೆ ಬಾಗಿಲು. ಮೇಲಾಗಿ ಬೀದಿಯ ಮರ ನನ್ನದಲ್ಲ, ಊರಿನದು; ಅದರ ಮೇಲೆ ನಂಬರಿನ ಬಿಲ್ಲೆಯಿದೆ. ಕಾಂಡದ ಸುತ್ತ ಸುತ್ತುವ ಅಂಟುಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಪತಂಗದ ಜೊತೆ ಜೇಡ, ಗುಲಗಂಜಿ ಹುಳು, ಒಮ್ಮೊಮ್ಮೆ ಸಣ್ಣ ಹಕ್ಕಿಯೂ ಅಂಟಿಕೊಂಡು ಸಾಯುತ್ತವೆ. ಅದನ್ನು ಮಾರುವುದೇ ತಪ್ಪು ಎನ್ನುವುದು ನನ್ನ ಅಭಿಪ್ರಾಯ.

ಉಳಿದದ್ದು ಬುಡದ ಕೆಲಸ. ಏನೇನು ಮಾಡಬಹುದು ಎಂದು ಜಿಲ್ಲಾ ಉದ್ಯಾನ ಕಚೇರಿಗೆ ಬರೆದು ಕೇಳಿದೆ. ಮರಕ್ಕೆ ಮೊಳೆ ಹೊಡೆಯಬೇಡಿ, ಬೇರು ಕಡಿಯಬೇಡಿ, ಆಳಕ್ಕೆ ಅಗೆಯಬೇಡಿ, ಉಳಿದಂತೆ ಸಂತೋಷ ಎಂದು ಉತ್ತರ ಬಂತು.

ಅಕ್ಟೋಬರ್–ನವೆಂಬರ್: ದರಗು

ಈ ಹುಳುವಿನ ದುರ್ಬಲ ಜಾಗ ಒಂದೇ. ವರ್ಷಕ್ಕೆ ಸಾಮಾನ್ಯವಾಗಿ ಮೂರು ತಲೆಮಾರು. ಕೊನೆಯ ತಲೆಮಾರು ಕೋಶಾವಸ್ಥೆಯಲ್ಲಿ ಉದುರಿದ ಎಲೆಯೊಳಗೇ ಚಳಿಗಾಲ ಕಳೆಯುತ್ತದೆ. ಬರ್ಲಿನ್ನಿನ ಹಿಮ ಅದಕ್ಕೆ ಲೆಕ್ಕವೇ ಅಲ್ಲ. ಏಪ್ರಿಲ್‌ನಲ್ಲಿ, ಮರ ಹೂ ಬಿಡುವ ಸುಮಾರಿಗೆ, ಪತಂಗವಾಗಿ ಹೊರಬಂದು ಕಾಂಡದ ಮೇಲೆ ಕೂತು, ಜೋಡಿಯಾಗಿ, ಹೊಸ ಎಲೆಯ ಮೇಲ್ಮೈಯಲ್ಲಿ ಮೊಟ್ಟೆಯಿಡುತ್ತದೆ. ಹಾಗಾಗಿ ನವೆಂಬರ್ ಮತ್ತು ಮಾರ್ಚ್ ನಡುವೆ ಇಡೀ ಶತ್ರುಸೈನ್ಯ ನೆಲದ ಮೇಲೆ, ಕಾಲಡಿಯಲ್ಲೇ ಮಲಗಿರುತ್ತದೆ.

ಸಾಮಾನು: ಅಗಲ ಹಲ್ಲಿನ ರೇಕ್, ಉದ್ದ ಹಿಡಿಯ ಪೊರಕೆ, ದಪ್ಪ ಕೈಗವಸು, ಪುರಸಭೆಯ ಎಲೆಚೀಲಗಳು. ಒಣ ದಿನ ನೋಡಿ ಕೆಲಸಕ್ಕಿಳಿಯಬೇಕು. ಒದ್ದೆಯಾದ ಚೆಸ್ಟ್‌ನಟ್ ಎಲೆ ಕಲ್ಲುಹಾಸಿಗೆ ಅಂಟಿಕೊಳ್ಳುತ್ತದೆ, ಚೀಲವೂ ಎತ್ತಲಾಗದಷ್ಟು ಭಾರ. ಬಯಲಿನಲ್ಲಿ ಬಿದ್ದ ಎಲೆ ಗುಡಿಸುವುದು ಸುಲಭ, ಅದನ್ನು ಪೌರಕಾರ್ಮಿಕರೂ ಗುಡಿಸುತ್ತಾರೆ. ಹುಳು ಉಳಿದುಕೊಳ್ಳುವುದು ಯಾರೂ ಗುಡಿಸದ ಮೂಲೆಗಳಲ್ಲಿ: ನಿಲ್ಲಿಸಿ ಮರೆತ ಕಾರಿನಡಿ, ಸೈಕಲ್ ಕಂಬಿಗಳ ನಡುವೆ, ನೆಲಮಾಳಿಗೆಯ ಕಿಟಕಿಯ ಜಾಲರಿಯೊಳಗೆ, ಬೇಲಿಗಿಡಗಳ ಬುಡದಲ್ಲಿ. ನನ್ನ ಹೆಚ್ಚಿನ ಸಮಯ ಹೋದದ್ದು ಮಂಡಿಯೂರಿ ಇವುಗಳಿಗೆ ಕೈ ಹಾಕುವುದರಲ್ಲೇ. ಕೆಳಮನೆಯ ಅಜ್ಜಿ ಕಿಟಕಿಯಿಂದ ನೋಡಿ, ಏನಾದರೂ ಕಳೆದುಕೊಂಡಿದ್ದೀರಾ ಎಂದು ಕೇಳಿದರು. ವಿಷಯ ತಿಳಿದ ಮೇಲೆ ನೆಲಮಾಳಿಗೆಯ ಬೀಗದ ಕೈ ಕೊಟ್ಟರು. ಜಾಲರಿಯೊಳಗೆ ಹಲವು ವರ್ಷಗಳ ದರಗು ಇತ್ತು.

ಈ ಎಲೆಯನ್ನು ಮನೆಯ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿದರೆ ಪ್ರಯೋಜನವಿಲ್ಲ. ಸಣ್ಣ ಗುಂಡಿ ಅಷ್ಟು ಬಿಸಿಯಾಗುವುದಿಲ್ಲ, ಕೋಶಗಳು ಬದುಕಿಕೊಳ್ಳುತ್ತವೆ. ದೊಡ್ಡ ಕಾಂಪೋಸ್ಟ್ ಘಟಕಗಳ ರಾಶಿ 60 ಡಿಗ್ರಿ ದಾಟುತ್ತದೆ, ಅಲ್ಲಿ ಎಲ್ಲವೂ ಸಾಯುತ್ತವೆ. ಅದಕ್ಕೇ ಚೀಲ.

ಅಪ್ಪಯ್ಯ ಮಾತ್ರ ಇದನ್ನು ಒಪ್ಪಲಿಲ್ಲ. ನಮ್ಮಲ್ಲಿ ಬೇಸಗೆ ಬಂತೆಂದರೆ ಬೆಟ್ಟಕ್ಕೆ ಹೋಗಿ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತೇವೆ, ಆಮೇಲೆ ಅದು ತೋಟಕ್ಕೆ ಹೋಗುತ್ತದೆ. “ಮರದ ಬುಡದ್ದನ್ನೇ ತೆಗೆದು ಹೊರಗೆ ಸಾಗಿಸುತ್ತೀಯಲ್ಲ ಮಾರಾಯ್ತಿ, ಅದು ತಿನ್ನುವುದು ಏನನ್ನು?” ಎಂದು ಕೇಳಿದರು.

ಬರ್ಲಿನ್ನಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು, ಸರಿಯಾದದ್ದೂ ಹೌದು. ಇಲ್ಲಿಯ ಮಣ್ಣು ಮರಳುಮಣ್ಣು, ಸಾರ ಹಿಡಿದಿಡುವ ಗುಣ ಕಡಿಮೆ. ಪ್ರತಿ ವರ್ಷ ಎಲೆಯೆಲ್ಲವನ್ನೂ ತೆಗೆದರೆ ಹುಳುವಿನ ಜೊತೆ ಮರದ ಊಟವೂ ಹೋಗುತ್ತದೆ. ಆದ್ದರಿಂದ ಯೋಜನೆಗೆ ಇನ್ನೊಂದು ಅರ್ಧ ಸೇರಿತು: ಎಷ್ಟು ಎಲೆ ಹೊರಗೆ ಸಾಗಿಸುತ್ತೇನೋ, ಬಿಸಿಗೆ ಶುದ್ಧವಾದ ಕಾಂಪೋಸ್ಟ್ ರೂಪದಲ್ಲಿ ಅಷ್ಟನ್ನು ಬುಡಕ್ಕೆ ಮರಳಿಸಬೇಕು.

ಡಿಸೆಂಬರ್: ಎರಡು ಪೆಟ್ಟಿಗೆ

ಬೇಲಿಗಿಡಗಳ ಅಡಿಯ ಎಲೆಯನ್ನು ಪೂರ್ತಿ ತೆಗೆಯುವುದು ಆಗದ ಕೆಲಸ. ಅಂಥಲ್ಲಿ 10 ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಪತಂಗ ಹೊರಬರಲಾರದು ಎನ್ನುತ್ತಾರೆ. ನೋಡಿಯೇ ಬಿಡೋಣ ಎಂದು ರಟ್ಟಿನ ಎರಡು ಪೆಟ್ಟಿಗೆ ತೆಗೆದುಕೊಂಡೆ. ಎರಡರಲ್ಲೂ ಒಂದೇ ತೂಕದ ಎಲೆ ಹಾಕಿ, ಎರಡನೆಯದರಲ್ಲಿ ಮಾತ್ರ ಎಲೆಯ ಮೇಲೆ 10 ಸೆಂಟಿಮೀಟರ್ ಮಣ್ಣು ತುಂಬಿದೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ ರಟ್ಟು ನೆನೆಯಲಿಲ್ಲ. ಎಲ್ಲ ಸಂದುಗಳಿಗೂ ಕಂದು ಟೇಪ್ ಸುತ್ತಿ, ಮುಚ್ಚಳದಲ್ಲಿ ಒಂದೇ ತೂತು ಬಿಟ್ಟು, ಅದಕ್ಕೆ ಪಾರದರ್ಶಕ ಬಾಟಲಿಯನ್ನು ಬೋರಲು ಸಿಕ್ಕಿಸಿದೆ. ಕತ್ತಲೆಯಲ್ಲಿ ಹೊರಬಂದ ಪತಂಗ ಬೆಳಕಿರುವ ಕಡೆ ಹೋಗಿ ಬಾಟಲಿ ಸೇರುತ್ತದೆ. ಪೆಟ್ಟಿಗೆಗಳನ್ನು ಬಾಲ್ಕನಿಯಲ್ಲಿ, ಹೊರಗಿನ ಚಳಿಯಲ್ಲೇ ಇಟ್ಟೆ. ಮನೆಯೊಳಗಿನ ಬೆಚ್ಚನೆಗೆ ಅವು ಅಕಾಲದಲ್ಲಿ ಎದ್ದುಬಿಡುತ್ತವೆ.

ಜನವರಿ–ಫೆಬ್ರವರಿ: ಹಕ್ಕಿಗೂಡು

ನೀಲಿ ಟಿಟ್ ಎಂಬ, ಗುಬ್ಬಿಗಿಂತ ಸಣ್ಣ ಹಕ್ಕಿ ಎಲೆಯ ಸಿಪ್ಪೆ ಕುಕ್ಕಿ ಒಳಗಿನ ಹುಳು ತೆಗೆದು ತಿನ್ನುತ್ತದೆ. ಅದೊಂದೇ ಮರವನ್ನು ಉಳಿಸಲಾರದು, ಆದರೆ ಬಂದರೆ ಬೇಡವೆನ್ನುವವರು ಯಾರು? ಅದಕ್ಕೆ ಬೇಕಾದದ್ದು ಪೊಟರೆ, ಮತ್ತು ಊರಿನ ಮರಗಳಲ್ಲಿ ಪೊಟರೆ ಕಂಡರೆ ಕಡಿದುಬಿಡುತ್ತಾರೆ.

ಹಲಗೆ 20 ಮಿಲಿಮೀಟರ್ ದಪ್ಪದ್ದು, ಬಣ್ಣ ಅಥವಾ ರಾಸಾಯನಿಕ ಕಾಣದ ಸ್ಪ್ರೂಸ್. ತೆಳು ಪ್ಲೈವುಡ್ ಬೇಡ. ಚಳಿ ಬಿಸಿಲು ಎರಡೂ ಒಳಗೆ ನುಗ್ಗುತ್ತವೆ. ತಳದ ಒಳ ಅಳತೆ 12 ಸೆಂಟಿಮೀಟರ್ ಚೌಕ. ಬಾಗಿಲಿನ ತೂತು 28 ಮಿಲಿಮೀಟರ್. ಅದಕ್ಕಿಂತ ದೊಡ್ಡದಾದರೆ ದೊಡ್ಡ ಟಿಟ್ ಹಕ್ಕಿ ಬಂದು ಸಣ್ಣದನ್ನು ಓಡಿಸುತ್ತದೆ. ತೂತಿನ ಕೆಳಅಂಚಿನಿಂದ ತಳಕ್ಕೆ ಕನಿಷ್ಠ 17 ಸೆಂಟಿಮೀಟರ್ ಇರಬೇಕು, ಇಲ್ಲವಾದರೆ ಬೆಕ್ಕಿನ ಪಂಜ ಮರಿಗಳಿಗೆ ಎಟಕುತ್ತದೆ. ಹೊರಗೆ ತೂತಿನಡಿ ಕೂರುವ ಕಡ್ಡಿ ಸಿಕ್ಕಿಸುವುದು ಚಂದಕ್ಕೆ ಮಾತ್ರ. ಹಕ್ಕಿಗೆ ಅದು ಬೇಡ, ಬೆಕ್ಕಿಗೆ ಅನುಕೂಲ.

ಗರಗಸದಿಂದ ಕತ್ತರಿಸಿದ ಮೇಲೆ ಉಪ್ಪುಕಾಗದ ಉಜ್ಜಿದ್ದು ತೂತಿನ ಅಂಚಿಗೆ ಮಾತ್ರ. ಮುಂಭಾಗದ ಹಲಗೆಯ ಒಳಮೈಯನ್ನು ಬೇಕೆಂದೇ ಗೀರಿ ಒರಟು ಮಾಡಿದೆ. ಮರಿಗಳು ಉಗುರೂರಿ ಹತ್ತಿ ಹೊರಬರಬೇಕಲ್ಲ. ತಳದ ನಾಲ್ಕು ಮೂಲೆಗೂ ನೀರು ಬಸಿಯಲು 5 ಮಿಲಿಮೀಟರಿನ ತೂತು. ಮುಂಭಾಗದ ಹಲಗೆಯನ್ನು ಮೇಲ್ಗಡೆ ಎರಡು ಸ್ಕ್ರೂಗಳ ಮೇಲೆ ತಿರುಗುವಂತೆ ಕೂರಿಸಿದ್ದೇನೆ, ಶರತ್ಕಾಲದಲ್ಲಿ ಎತ್ತಿ ಹಳೆಯ ಗೂಡು ತೆಗೆಯುವುದಕ್ಕೆ. ಚಾವಣಿ ಮುಂದಕ್ಕೆ ಚಾಚಿದೆ. ಹೊರಮೈಗೆ ಅಗಸೆ ಎಣ್ಣೆ, ಒಳಗೆ ಏನೂ ಇಲ್ಲ.

ಮರಕ್ಕೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಗೂಡನ್ನು ಮರದೆದುರಿನ ನಮ್ಮ ಮನೆಯ ಗೋಡೆಗೆ, ಮನೆಯೊಡೆಯರನ್ನು ಕೇಳಿಕೊಂಡು, ಮೂರು ಮೀಟರ್ ಎತ್ತರದಲ್ಲಿ ಆಗ್ನೇಯಕ್ಕೆ ಮುಖ ಮಾಡಿ ತೂಗುಹಾಕಿದೆ. ಮಳೆ ಗಾಳಿ ಇಲ್ಲಿ ಹೆಚ್ಚಾಗಿ ಪಶ್ಚಿಮದಿಂದ ಬರುತ್ತದೆ.

ಮಾರ್ಚ್: ಬುಡ ಬಿಡಿಸುವುದು

ಮರದ ಸುತ್ತ ಕಲ್ಲುಹಾಸಿಲ್ಲದ ಜಾಗ ಒಂದು ಮಂಚದ ಅಗಲದಷ್ಟು. ಜನ ತುಳಿದು, ನಾಯಿಗಳು ಉಚ್ಚೆ ಹೊಯ್ದು, ಸೈಕಲ್ ಒರಗಿಸಿ, ಅಲ್ಲಿಯ ಮಣ್ಣು ಗಾರೆಯಾಗಿತ್ತು. ಸುರಿದ ನೀರು ಇಂಗದೆ ರಸ್ತೆಗೆ ಹರಿಯುತ್ತಿತ್ತು. ಊರಿನಲ್ಲಾದರೆ ಗುದ್ದಲಿ ಹಿಡಿದು ಬುಡ ಬಿಡಿಸಿ ಪಾತಿ ಮಾಡುತ್ತಿದ್ದೆವು. ಇಲ್ಲಿ ಗುದ್ದಲಿ ತರಲಿಲ್ಲ. ಮರ ಉಣ್ಣುವ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಇರುತ್ತವೆ, ಒಂದು ಏಟಿಗೆ ಹೋಗುತ್ತವೆ.

ಕೈಫೋರ್ಕ್ ಊರಿ, ಮಗುಚದೆ, ಸ್ವಲ್ಪ ಅಲುಗಾಡಿಸಿ ತೆಗೆಯುವುದು. ಗೇಣು ಬಿಟ್ಟು ಮತ್ತೆ ಊರುವುದು. ಬೇರು ತಾಗಿದರೆ ಪಕ್ಕಕ್ಕೆ ಸರಿಯುವುದು. ಸಿಗರೇಟಿನ ತುಂಡು, ಬಾಟಲಿ ಮುಚ್ಚಳ, ಹೊಸವರ್ಷದ ಪಟಾಕಿಯ ಅವಶೇಷ ಆರಿಸುವುದಕ್ಕೇ ಮಣ್ಣಿನ ಕೆಲಸದಷ್ಟು ಹೊತ್ತು ಹಿಡಿಯಿತು. ಆಮೇಲೆ ಕಾಂಪೋಸ್ಟ್, 4 ಸೆಂಟಿಮೀಟರ್ ದಪ್ಪಕ್ಕೆ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ತೊಗಟೆಗೆ ಒತ್ತಿ ಗೊಬ್ಬರ ಏರಿಸಿದರೆ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಇಲ್ಲಿಯ ಉದ್ಯಾನಗಳಲ್ಲಿ ಮರದ ಬುಡಕ್ಕೆ ಗುಡ್ಡೆ ಹಾಕುವುದನ್ನು ನೋಡಿದಾಗಲೆಲ್ಲ ಹೋಗಿ ಬಿಡಿಸಬೇಕೆನಿಸುತ್ತದೆ.

ಜನ ತುಳಿಯದಂತೆ ಸುತ್ತ ಮೊಣಕಾಲೆತ್ತರದ ಬೇಲಿ: ಬೇರಿಲ್ಲದ ಮೂಲೆಗಳನ್ನು ಕಡ್ಡಿ ಚುಚ್ಚಿ ಹುಡುಕಿ ಊರಿದ ನಾಲ್ಕು ಗೂಟ, ಅವುಗಳ ನಡುವೆ ಹೇಝಲ್ ಕಡ್ಡಿಗಳ ಹೆಣಿಗೆ. ಬುಡಕ್ಕೆ ಸಿಮೆಂಟ್ ಹಾಕಲಿಲ್ಲ. ಕಚೇರಿಯವರು ತೆಗೆ ಎಂದರೆ ಕೈಯಲ್ಲೇ ಕಿತ್ತು ತೆಗೆಯಬಹುದು.

ಏಪ್ರಿಲ್–ಮೇ

ಮೊದಲ ಪೆಟ್ಟಿಗೆಯ ಬಾಟಲಿಯಲ್ಲಿ ಪತಂಗಗಳು ಕಾಣಿಸಿಕೊಂಡವು. ಮೊದಲು ಬೆರಳೆಣಿಕೆ, ವಾರದೊಳಗೆ ಬಾಟಲಿಯ ಗೋಡೆಯೇ ಕಂದು. ಒಂದು ಪೆಟ್ಟಿಗೆ ಎಲೆಯಿಂದ ಇಷ್ಟಾದರೆ ಆ ನೆಲಮಾಳಿಗೆ ಜಾಲರಿಯೊಳಗಿನ ರಾಶಿಯಿಂದ ಎಷ್ಟಾಗುತ್ತಿತ್ತೋ. ಮಣ್ಣು ಮುಚ್ಚಿದ ಪೆಟ್ಟಿಗೆಯ ಬಾಟಲಿ ಬಹುತೇಕ ಖಾಲಿ. ಎರಡೇ ಪೆಟ್ಟಿಗೆಯ ಪರೀಕ್ಷೆ ವಿಜ್ಞಾನವಾಗದು, ಬೇಲಿಗಿಡಗಳ ಕೆಳಗೆ ಮಣ್ಣು ಹರಡಲು ನನಗೆ ಅಷ್ಟು ಸಾಕಾಯಿತು.

ಗಂಡು ಪತಂಗವನ್ನು ಹೆಣ್ಣಿನ ವಾಸನೆಯಿಂದ ಸೆಳೆಯುವ ಬಲೆಯೊಂದನ್ನು ಬಾಲ್ಕನಿಯಿಂದ ತೂಗುಬಿಟ್ಟಿದ್ದೆ. ಅದನ್ನು ಮದ್ದು ಎಂದು ಮಾರುತ್ತಾರೆ. ಸಿಗುವುದು ಗಂಡುಗಳು ಮಾತ್ರ, ಉಳಿದ ಗಂಡುಗಳೇ ಎಲ್ಲ ಹೆಣ್ಣುಗಳಿಗೂ ಸಾಕು. ಹಾರಾಟ ಯಾವಾಗ ಶುರುವಾಯಿತೆಂದು ತಿಳಿಯುವುದಕ್ಕೆ ಒಳ್ಳೆಯ ಸಾಧನ, ಅದಕ್ಕಿಂತ ಹೆಚ್ಚಿನದಲ್ಲ.

ಗೂಡಿಗೆ ನೀಲಿ ಟಿಟ್ ಜೋಡಿ ಬಂತು. ಮರ ಹೂ ಬಿಟ್ಟಿತು. ಈ ಹೂವಿನಲ್ಲಿ ಮೊದಲು ಹಳದಿ ಮಚ್ಚೆ ಇರುತ್ತದೆ, ಪರಾಗಸ್ಪರ್ಶ ಮುಗಿದ ಮೇಲೆ ಅದು ಕೆಂಪಾಗುತ್ತದೆ. ದುಂಬಿಗಳು ಅಂಥ ಹೂವನ್ನು ಬಿಟ್ಟು ಹಳದಿ ಮಚ್ಚೆಯ ಹೂವಿಗೆ ಹೋಗುತ್ತವೆ.

ಜೂನ್–ಆಗಸ್ಟ್: ನೀರು

ಬರ್ಲಿನ್ ಬೀದಿಗಳಲ್ಲಿ ಸುಮಾರು ಎರಡು ಸಾವಿರ ಕೈಪಂಪುಗಳಿವೆ. ತುರ್ತುಸ್ಥಿತಿಗೆಂದು ಇಟ್ಟಿರುವ ಇವುಗಳ ನೀರು ಕುಡಿಯಲಿಕ್ಕಲ್ಲ, ಮರಕ್ಕೆ ಹಾಕಲು ಧಾರಾಳ. ನಮ್ಮೂರ ಬೋರ್‌ವೆಲ್ ಪಂಪು ಒತ್ತಿ ಬೆಳೆದವಳಿಗೆ ಇದರ ಎರಕದ ಕಬ್ಬಿಣದ ಹಿಡಿ ಹಗುರ ಅನ್ನಿಸಿತು. ಯಾವ ಮರಕ್ಕೆ ಯಾರು ನೀರು ಹಾಕಿದರು ಎಂದು ಬರೆದಿಡಲು 2020ರಿಂದ ‘ಗೀಸ್ ಡೆನ್ ಕೀಟ್ಸ್’ (ಬಡಾವಣೆಗೆ ನೀರುಣಿಸಿ) ಎಂಬ ಆನ್‌ಲೈನ್ ನಕ್ಷೆಯೂ ಇದೆ; ಊರಿನ ಬೀದಿಮರಗಳೆಲ್ಲ ಅದರಲ್ಲಿ ಚುಕ್ಕೆಗಳಾಗಿವೆ.

ದಿನಾ ಒಂದು ಬಕೆಟ್ ಹಾಕುವುದಕ್ಕಿಂತ ವಾರಕ್ಕೊಮ್ಮೆ ನೂರು ಲೀಟರ್ ನಿಧಾನವಾಗಿ ಇಂಗಿಸುವುದು ಮೇಲು. ಸ್ವಲ್ಪ ನೀರು ಮೇಲ್ಪದರ ನೆನೆಸಿ ಆವಿಯಾಗುತ್ತದೆ. ಆದರೂ ಹಳೆಯ ಮರದ ವಿಷಯದಲ್ಲಿ ಇದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಅದರ ಬೇರುಗಳು ಕೊಂಬೆ ಚಾಚಿದಷ್ಟೂ ದೂರ, ಅದಕ್ಕೂ ಆಚೆ, ಕಲ್ಲುಹಾಸಿನಡಿ ಹರಡಿವೆ. ನಾವು ನೀರು ಹಾಕುವುದು ಕಾಂಡದ ಪಕ್ಕಕ್ಕೆ. ಬಕೆಟ್ ನೀರಿಗೆ ನಿಜವಾಗಿ ಕಾಯುವುದು ಎಳೆಯ ಮರಗಳು. ಹಾಗಾಗಿ ಕಡು ಒಣಹವೆಯ ವಾರಗಳಲ್ಲಿ ನಮ್ಮ ಮರಕ್ಕೆ ಹಾಕಿ, ಉಳಿದದ್ದನ್ನೆಲ್ಲ ಬೀದಿಯ ಕೊನೆಯಲ್ಲಿ ಹೊಸದಾಗಿ ನೆಟ್ಟ ಸಸಿಗಳಿಗೆ ಹೊತ್ತೆ.

ಸೆಪ್ಟೆಂಬರ್: ಲೆಕ್ಕ

ಜೂನ್‌ನಲ್ಲಿ ಎಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟೆ, ಅದೂ ಕೆಳಗಿನ ಕೊಂಬೆಗಳಲ್ಲಿ. ಜುಲೈ ಹಸಿರಾಗಿಯೇ ಕಳೆಯಿತು. ಆಗಸ್ಟ್ ಮಧ್ಯದ ನಂತರ ಕಂದು ಏರತೊಡಗಿತು. ಈಗ ಮರದ ಕೆಳ ಅರ್ಧ ಹೋದ ವರ್ಷದಂತೆಯೇ ಇದೆ, ಮೇಲಿನದು ಇಲ್ಲ. ಇದು ಹೀಗೇ ಆಗಬೇಕಾದದ್ದು. ದರಗು ತೆಗೆದರೆ ಮೊದಲ ತಲೆಮಾರು ತೀರ ತೆಳುವಾಗುತ್ತದೆ, ಎರಡು ಮತ್ತು ಮೂರನೆಯದು ಸುತ್ತಮುತ್ತಲಿನ ಮರಗಳಿಂದ ಹಾರಿ ಬಂದು ಅಂತರ ತುಂಬುತ್ತವೆ. ಗೆದ್ದದ್ದು ಬೇಸಗೆಯ ಕೆಲವು ವಾರಗಳನ್ನು. ಆದರೆ ಮರ ಬೆಳಕು ಉಂಡು ಬೇರಿಗೆ ಕೂಡಿಡುವುದು ಆ ವಾರಗಳಲ್ಲೇ. ಬೀಜವೂ ಈ ಸಲ ದಪ್ಪನಾಗಿದೆ. ಹುಳು ಹೆಚ್ಚಿದ ವರ್ಷ ಬೀಜ ಸಣ್ಣದಾಗುವುದು ತಿಳಿದ ಸಂಗತಿ, ಆದರೆ ಎಷ್ಟು ಭಾಗ ಹುಳುವಿನಿಂದ, ಎಷ್ಟು ಮಳೆಯಿಂದ ಎಂದು ಒಂದೇ ವರ್ಷದ ಬೀಜ ತೂಗಿ ಹೇಳಲಾಗದು.

ಪತಂಗ ಬಂದದ್ದು ಎಲ್ಲಿಂದ ಎಂದು ಹುಡುಕುತ್ತ ಹೋದರೆ ಅಡ್ಡಬೀದಿಯ ಶಾಲೆಯ ಅಂಗಳದಲ್ಲಿ ಮೂರು ಚೆಸ್ಟ್‌ನಟ್ ಮರಗಳಿವೆ, ಅವುಗಳಡಿಯ ಪೊದೆಯಲ್ಲಿ ಹೋದ ವರ್ಷದ ದರಗು ಹಾಗೇ ಇದೆ. ಶಾಲೆಯವರ ಹತ್ತಿರ ಮಾತಾಡಿದ್ದೇನೆ. ನವೆಂಬರ್‌ನಲ್ಲಿ ಮಕ್ಕಳ ಕೈಗೂ ರೇಕ್ ಕೊಡಲು ಒಪ್ಪಿದ್ದಾರೆ. ಬಾಟಲಿಯ ಪೆಟ್ಟಿಗೆಯನ್ನು ತರಗತಿಯಲ್ಲಿ ಮಾಡಿಸಬೇಕಂತೆ, ರಟ್ಟು ಮತ್ತು ಟೇಪ್ ಅವರದು. ಕಾಂಪೋಸ್ಟ್‌ಗೆ ಮಾತ್ರ ಅವರ ಬಳಿ ದುಡ್ಡಿಲ್ಲ. ಕೆಳಮನೆಯ ಅಜ್ಜಿ ಮೆಟ್ಟಿಲ ಬಳಿ ಒಂದು ಡಬ್ಬಿ ಇಟ್ಟಿದ್ದಾರೆ, ಮೇಲೆ ಚೆಸ್ಟ್‌ನಟ್ ಮರದ ಚಿತ್ರ ಅಂಟಿಸಿ. ಸದ್ಯಕ್ಕೆ ಎರಡು ಚೀಲಕ್ಕಾಗುವಷ್ಟು ಚಿಲ್ಲರೆ ಬಿದ್ದಿದೆ.